ಶುಕ್ರವಾರ ಪೇಟೆಯ ಅಡಕೊತ್ತುಗಳು

ಪುಣೆಯ ಬಾಜೀರಾವ್ ರಸ್ತೆಯ ಗದ್ದಲದಲ್ಲಿ ‘ರಾಜಾ ದಿನಕರ ಕೇಳ್ಕರ್ ವಸ್ತುಸಂಗ್ರಹಾಲಯ’ ಎಂದು ಪೂರ್ತಿ ಹೆಸರು ಹೇಳಬೇಕಾಗಿಲ್ಲ. ‘ಕೇಳ್ಕರ್ ಮ್ಯೂಸಿಯಂ’ ಅಂದದ್ದೇ ತಡ, ಆಟೋದವರು ಶುಕ್ರವಾರ ಪೇಟೆಯತ್ತ ತಿರುಗಿಸಿದರು.

ದಿನಕರ ಕೇಳ್ಕರ್ (1896–1990) ಅರಸುಮನೆತನದವರಲ್ಲ. ಹೆಸರಿನ ಮುಂದಿರುವ ‘ರಾಜಾ’ ಎಂಬುದು ಅಕಾಲದಲ್ಲಿ ತೀರಿಕೊಂಡ ಒಬ್ಬನೇ ಮಗನ ಹೆಸರು. ಮನೆತನದ್ದು ಕನ್ನಡಕದ ವ್ಯಾಪಾರ. ಇವರಿಗೋ ಕವಿತೆಯ ಗೀಳು, ‘ಅಜ್ಞಾತವಾಸಿ’ ಎಂಬ ಕಾವ್ಯನಾಮ ಬೇರೆ. 1920ರ ಸುಮಾರಿಗೆ ಹಳೆಯ ವಸ್ತು ಕೂಡಿಡಲು ಶುರುಮಾಡಿದರು. ಹೆಂಡತಿ ಕಮಲಾಬಾಯಿಯೂ ಕೈಜೋಡಿಸಿದರು. 1960ರ ವೇಳೆಗೆ ಸಂಗ್ರಹ 15 ಸಾವಿರ ಮುಟ್ಟಿತ್ತು. ಅಷ್ಟನ್ನೂ ಸರ್ಕಾರಕ್ಕೆ ಕೊಟ್ಟುಬಿಟ್ಟರು.

ಒಳಗೆ ಕೆತ್ತನೆಯ ಬಾಗಿಲುಗಳು, ದೀಪಗಳು, ಮಸಿಕುಡಿಕೆಗಳು, ವೀಣೆ–ತಂಬೂರಿಗಳು. ಆಯುಧಗಳ ಮುಂದೆ ನಾನು ನಿಲ್ಲಲಿಲ್ಲ. ಕತ್ತಿ ಗುರಾಣಿ ಯಾವ ಊರಿನ ಸಂಗ್ರಹಾಲಯದಲ್ಲಿಲ್ಲ? ಕಾಲು ಕಟ್ಟಿಹಾಕಿದ್ದು ಅಡಕೊತ್ತುಗಳು. ಅಡಕೆ ಸೀಮೆಯವನಾದ ನಾನು ಅಡಕೊತ್ತನ್ನು ಕಬ್ಬಿಣದ ಎರಡು ತುಂಡೆಂದೇ ಬಲ್ಲೆ. ಇಲ್ಲಿ ಒಂದು ಗಿಳಿ, ಇನ್ನೊಂದು ಕುದುರೆ, ಮತ್ತೊಂದು ಅಪ್ಪಿಕೊಂಡ ಜೋಡಿ! ಹಿಡಿ ಅದುಮಿದರೆ ಇಬ್ಬರೂ ಹತ್ತಿರವಾಗಬೇಕು, ಅಡಕೆ ಹೋಳಾಗಬೇಕು. ತಾಂಬೂಲದ ಹೊತ್ತಿನ ರಸಿಕತೆಯನ್ನು ಕಮ್ಮಾರ ಉಪಕರಣದೊಳಗೇ ಕೂರಿಸಿದ್ದಾನೆ. ಪಕ್ಕದಲ್ಲಿ ಹಿಮ್ಮಡಿ ಉಜ್ಜುವ ವಜ್ರಿಗಳು. ಬಚ್ಚಲಲ್ಲಿ ಬಿದ್ದಿರುವ ವಸ್ತುವಿಗೂ ಮೇಲೊಂದು ಹಕ್ಕಿ ಬೇಕಿತ್ತು ಅಂದಿನವರಿಗೆ. ಮಾಡಿದವನ ಹೆಸರು ಮಾತ್ರ ಎಲ್ಲೂ ಇಲ್ಲ. ಚಿತ್ರಪಟಗಳ ಮುಂದೆ ಕೈಕಟ್ಟಿ ನಿಲ್ಲುವ ನಾವು ಇಂಥವನ್ನು ಕಲೆಯ ಲೆಕ್ಕಕ್ಕೇ ಹಿಡಿಯುವುದಿಲ್ಲ. ಕೇಳ್ಕರರು ಹಿಡಿದರು, ಅವರ ಕಣ್ಣಿನ ದೊಡ್ಡತನ ಅದು.

ಪೇಶ್ವೆ ಮೊದಲನೆಯ ಬಾಜೀರಾಯ ತನ್ನ ಎರಡನೆಯ ಹೆಂಡತಿ ಮಸ್ತಾನಿಗೆಂದು ಕೋಥರೂಡಿನಲ್ಲಿ ಕಟ್ಟಿಸಿದ ಮಹಲಿನ ಅವಶೇಷಗಳನ್ನು ತಂದು ಇಲ್ಲಿ ಮರುಜೋಡಿಸಿದ್ದಾರೆ. ಜನ ಅಲ್ಲೇ ಮುತ್ತುತ್ತಾರೆ, ಅವರಿಬ್ಬರ ಕತೆಯ ಸಿನಿಮಾದ ಪ್ರಭಾವವಿರಬೇಕು. ನನಗೆ ಅಡಕೊತ್ತಿನಷ್ಟು ಹಿಡಿಸಲಿಲ್ಲ.

ಕಟ್ಟಡ ಇಕ್ಕಟ್ಟಾಯಿತು. ಈಗ 20 ಸಾವಿರ ದಾಟಿರುವ ಸಂಗ್ರಹದಲ್ಲಿ ನೋಡಲು ಇಟ್ಟಿರುವುದು ಸುಮಾರು 2,500 ಮಾತ್ರ. ಆದರೂ ಪುಣೆಗೆ ಹೋದವರು ಪೇಶ್ವೆಗಳ ಕೋಟೆಮನೆ ಶನಿವಾರವಾಡೆಯಲ್ಲಿ ಹೊತ್ತು ಉಳಿಸಿ ಇಲ್ಲಿಗೆ ಅರ್ಧ ದಿನ ಇಡಿ. 1828ರ ಬೆಂಕಿಯ ನಂತರ ವಾಡೆಯಲ್ಲಿ ಉಳಿದಿರುವುದು ಕೋಟೆಗೋಡೆ, ಬಾಗಿಲು, ಅಡಿಪಾಯ. ಆ ಕಾಲದ ಮನೆಗಳೊಳಗೆ ಏನೇನಿತ್ತೆಂದು ತಿಳಿಯಲು ಕೇಳ್ಕರರ ಮನೆಗೇ ಬರಬೇಕು.