ಬ್ರಿಸ್ಬೇನಿನ ಹಿತ್ತಿಲಲ್ಲಿ ಮೀನು, ಬಸಳೆ

ನಮ್ಮ ಕುಮಟೆಯಲ್ಲಿ ಬೆಳಗಿನ ಹೊತ್ತು ಚಳಿ ತಟ್ಟತೊಡಗುವ ನವೆಂಬರಿನಲ್ಲಿ ನಾನು ಆಸ್ಟ್ರೇಲಿಯಾದ ಬ್ರಿಸ್ಬೇನಿಗೆ ಹೋದೆ. ಅಲ್ಲಿ ಆಗ ಬೇಸಿಗೆ ಬಾಗಿಲಲ್ಲಿ ನಿಂತಿತ್ತು. ಭೂಮಧ್ಯರೇಖೆ ದಾಟಿದರೆ ಋತುಗಳು ಅದಲುಬದಲು ಎಂದು ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಹೇಳಿದವನು ನಾನು. ಬೆವರು ಒರೆಸಿಕೊಂಡಾಗಲೇ ಅದು ಮೈಗೆ ಹತ್ತಿದ್ದು. ಗಡಿಯಾರವೂ ನಮಗಿಂತ ನಾಲ್ಕೂವರೆ ತಾಸು ಮುಂದೆ. ಊರ ನಡುವೆ ಹೊಳೆ ಹಾವಿನಂತೆ ಬಳುಕಿ ಹರಿಯುತ್ತದೆ. ರಸ್ತೆಬದಿಯಲ್ಲಿ ಜಕರಾಂಡ ಮರಗಳು ನೇರಳೆ ಹೂವನ್ನು ಚೆಲ್ಲಿ ಕೂತಿದ್ದವು. ಇವೆಲ್ಲ ಚೆಂದವೇ. ಆದರೆ ಮೂರು ತಿಂಗಳಲ್ಲಿ ನಾನು ಹೆಚ್ಚು ಹೊತ್ತು ಕಳೆದದ್ದು ಮಗಳ ಮನೆಯ ಹಿತ್ತಿಲಲ್ಲಿ, ಒಂದು ಪ್ಲಾಸ್ಟಿಕ್ ತೊಟ್ಟಿಯ ಪಕ್ಕದಲ್ಲಿ.

ಸಾವಿರ ಲೀಟರ್ ನೀರು ಹಿಡಿಸುವ, ಸುತ್ತ ಕಬ್ಬಿಣದ ಪಂಜರವಿರುವ ಚೌಕದ ತೊಟ್ಟಿಗಳನ್ನು ನೀವೂ ನೋಡಿರುತ್ತೀರಿ. ಅಳಿಯ ಅಂಥವು ಎರಡು ತಂದು, ಒಂದನ್ನು ಇಟ್ಟಿಗೆ ಕಟ್ಟೆಯ ಮೇಲೆ ಮೀನಿಗೆಂದು ಇಟ್ಟಿದ್ದ. ಇನ್ನೊಂದನ್ನು ಅಡ್ಡ ಕುಯ್ದು, ಮೇಲಿನ ಭಾಗಕ್ಕೆ ಜಲ್ಲಿ ತುಂಬಿ ತರಕಾರಿ ಪಾತಿ ಮಾಡಿದ್ದ. ಕೆಳಗಿನ ಭಾಗ ರೆಡ್‌ಕ್ಲಾ ಎಂಬ ಪ್ರಾಣಿಯ ಮನೆ. ಮೀನಿನ ತೊಟ್ಟಿ ತುಂಬಿ ಹೊರಚೆಲ್ಲಿದ ನೀರು ಪಾತಿಗೆ, ಪಾತಿಯಿಂದ ಇಳಿದದ್ದು ರೆಡ್‌ಕ್ಲಾ ಮನೆಗೆ, ಅಲ್ಲಿಂದ ಪುಟ್ಟ ಪಂಪು ಅದನ್ನು ಮತ್ತೆ ಮೀನಿನ ತೊಟ್ಟಿಗೆ ಎತ್ತುತ್ತದೆ. ಹಗಲೂ ರಾತ್ರಿ ಅದೇ ನೀರು, ಅದೇ ಸುತ್ತು. ಆವಿಯಾಗಿ ಹೋದಷ್ಟನ್ನು ಮಾತ್ರ ತುಂಬಿದರೆ ಆಯಿತು. ಅದಕ್ಕೂ ಮಾಡಿನಿಂದ ಹಿಡಿದ ಮಳೆನೀರು. ನಲ್ಲಿಯ ನೀರಿನಲ್ಲಿ ಕ್ರಿಮಿ ಕೊಲ್ಲುವ ಮದ್ದು ಇರುತ್ತದಲ್ಲ, ಅದು ಮೀನಿಗೂ ಆಗದು. ಈ ಪದ್ಧತಿಗೆ ಅಕ್ವಾಪೋನಿಕ್ಸ್ ಎನ್ನುತ್ತಾರೆ.

ಪಾತಿಯಲ್ಲಿ ಹಿಡಿ ಮಣ್ಣೂ ಇಲ್ಲ, ಚಿಟಿಕೆ ಗೊಬ್ಬರವೂ ಇಲ್ಲ. ಆದರೂ ಬಸಳೆ ಬಳ್ಳಿ ಬೇಲಿ ಹತ್ತಿ ಪಕ್ಕದ ಮನೆಗೆ ಇಣುಕುತ್ತಿತ್ತು! ನಾನು ನಂಬಲಿಲ್ಲ. ಒಂಬತ್ತು ವರ್ಷದ ಮೊಮ್ಮಗ ನನ್ನನ್ನು ಕೂರಿಸಿಕೊಂಡು ಪಾಠ ಹೇಳಿದ.

"ಅಜ್ಜಾ, ಮೀನು ಉಸಿರಾಡ್ವಾಗ ಕಿವಿರಿಂದ ಅಮೋನಿಯಾ ಬಿಡ್ತದೆ. ಅದು ವಿಷ. ಜಲ್ಲಿ ಮೇಲೆ ಬ್ಯಾಕ್ಟೀರಿಯಾ ಇದೆ ನೋಡು..."

"ಎಲ್ಲಿದೆ? ಕಾಣೂದಿಲ್ವಲ್ಲ?"

"ಕಾಣೂದಿಲ್ಲ. ಆದ್ರೆ ಇದೆ."

ಒಂದು ಬಗೆಯ ಬ್ಯಾಕ್ಟೀರಿಯಾ ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ. ಅದೂ ಮೀನಿಗೆ ವಿಷವೇ. ಇನ್ನೊಂದು ಬಗೆಯದು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಅದು ಗಿಡಕ್ಕೆ ಊಟ. ಗಿಡ ಉಂಡು ಬಿಟ್ಟ ನೀರು ಮೀನಿಗೆ ಚೊಕ್ಕ. ಈ ಕಾಣದ ಕೆಲಸಗಾರರು ಜಲ್ಲಿಯ ಮೇಲೆ ನೆಲೆಯೂರಲು ಐದಾರು ವಾರ ಬೇಕಂತೆ. ಅಲ್ಲಿಯವರೆಗೆ ತೊಟ್ಟಿಗೆ ಮೀನು ಬಿಡುವ ಅವಸರ ಮಾಡಬಾರದು. ಮೊಮ್ಮಗ ಗಾಜಿನ ನಳಿಗೆಗೆ ತೊಟ್ಟಿಯ ನೀರು ತುಂಬಿ, ಸೀಸೆಯಿಂದ ಹನಿ ಹಾಕಿ ಅಲುಗಿಸಿದ. ನೀರು ಹಳದಿ ಬಣ್ಣಕ್ಕೆ ತಿರುಗಿತು. ಹಳದಿಯಾದರೆ ಅಮೋನಿಯಾ ಇಲ್ಲ, ಹಸಿರಾದಷ್ಟೂ ಅಪಾಯ. ವಾರಕ್ಕೊಮ್ಮೆ ಈ ಪರೀಕ್ಷೆ ಮಾಡಿ ಕ್ಯಾಲೆಂಡರಿನಲ್ಲಿ ಬರೆದಿಡುವುದು ಅವನದೇ ಕೆಲಸ.

ಪಾತಿಯಲ್ಲಿ ನನಗೆ ಮೋಜೆನಿಸಿದ್ದು ನೀರು ಇಳಿಯುವ ಬಗೆ. ನೀರು ನಿಧಾನ ಏರುತ್ತ ಏರುತ್ತ ಒಂದು ಕೊಳವೆಯ ಬಾಯಿಗೆ ಬರುತ್ತದೆ. ಆ ಕೊಳವೆಗೆ ಗಂಟೆಯಾಕಾರದ ಟೋಪಿ ಕವುಚಿರುತ್ತಾರೆ. ಅಲ್ಲಿಗೆ ಬಂದದ್ದೇ ತಡ, ಗುಳುಗುಳು ಸದ್ದು ಮಾಡಿ ಪಾತಿಯ ನೀರೆಲ್ಲ ಒಂದೇ ಉಸಿರಿಗೆ ಕೆಳಗೆ. ಟೋಪಿಯೊಳಗೆ ಗಾಳಿ ಹೊಕ್ಕಾಗ ನಿಂತು, ಮತ್ತೆ ತುಂಬತೊಡಗುತ್ತದೆ. ಬೇರಿಗೆ ಒಮ್ಮೆ ನೀರು, ಒಮ್ಮೆ ಗಾಳಿ. ವಿದ್ಯುತ್ತಿನ ಗುಂಡಿಯಿಲ್ಲ, ಏನಿಲ್ಲ. ಮಧ್ಯಾಹ್ನದ ನಿದ್ದೆಗೆ ಆ ಗುಳುಗುಳುವಿಗಿಂತ ಒಳ್ಳೆಯ ಜೋಗುಳ ನಾನು ಕೇಳಿಲ್ಲ.

ತೊಟ್ಟಿಯಲ್ಲಿದ್ದದ್ದು ಮೂವತ್ತು ಜೇಡ್ ಪರ್ಚ್ ಮೀನು. ಆಸ್ಟ್ರೇಲಿಯಾದ ಒಳನಾಡಿನ ಹೊಳೆಗಳದ್ದೇ ತಳಿ. ಮೈತುಂಬ ಕೊಬ್ಬು, ಒಮೆಗಾ-3 ಹೆಚ್ಚು. ನಮ್ಮ ಕೆರೆಗಳಲ್ಲಿ ಧಾರಾಳ ಸಿಗುವ ತಿಲಾಪಿಯಾ ಸಾಕಬಹುದಿತ್ತಲ್ಲ ಎಂದೆ. ಅಳಿಯ ಗಾಬರಿಯಾದ! ಕ್ವೀನ್ಸ್‌ಲ್ಯಾಂಡ್ ರಾಜ್ಯದಲ್ಲಿ ತಿಲಾಪಿಯಾ ಇಟ್ಟುಕೊಳ್ಳುವುದೇ ಅಪರಾಧ. ಹೊರಗಿನಿಂದ ಬಂದ ಆ ಮೀನು ಹೊಳೆ ಸೇರಿ, ಅಲ್ಲಿನ ಮೀನುಗಳ ಜಾಗ ಕಸಿದಿದೆ. ರೆಡ್‌ಕ್ಲಾ ಕೂಡ ತನ್ನ ತವರಿನಲ್ಲಿ ಸಾಧು. ಪರದೇಶದ ಹೊಳೆಗೆ ಬಿಟ್ಟರೆ ಅಲ್ಲಿ ಅದೇ ಕಳ್ಳ. ಮಕ್ಕಳೇ, ಗಾಜಿನ ಪೆಟ್ಟಿಗೆಯಲ್ಲಿ ಸಾಕಿದ್ದನ್ನು ಬೇಸರ ಬಂತೆಂದು ಕೆರೆಗೆ ಸುರಿಯಬೇಡಿ.

ಈ ರೆಡ್‌ಕ್ಲಾ ನಮ್ಮ ಸಿಗಡಿಯ ದೂರದ ನೆಂಟ. ಮೈಮೇಲೆ ಗಟ್ಟಿ ಚಿಪ್ಪು, ಮುಂದೆ ಏಡಿಗಿರುವಂತೆ ಎರಡು ಇಕ್ಕಳ. ಬೆಳೆದ ಗಂಡಿನ ಇಕ್ಕಳದ ಹೊರ ಅಂಚಿನಲ್ಲಿ ಕೆಂಪು ಪಟ್ಟೆ. ಅದರಿಂದಲೇ ಆ ಹೆಸರು. ಮೀನು ತಿಂದು ಬಿಟ್ಟ ಚೂರು, ಪಾಚಿ, ಕೊಳೆತ ಎಲೆ ಎಲ್ಲವೂ ಅದಕ್ಕೆ ಆದೀತು. ತೊಟ್ಟಿಯ ತಳದಲ್ಲಿ ಅಳಿಯ ಕೊಳವೆಯ ತುಂಡುಗಳನ್ನು ರಾಶಿ ಹಾಕಿದ್ದ. ಒಬ್ಬೊಬ್ಬರಿಗೂ ಒಂದೊಂದು ಕೋಣೆ. ಯಾಕೆಂದರೆ ಬೆಳೆಯಬೇಕಾದರೆ ಅದು ಹಾವಿನಂತೆ ಪೊರೆ ಬಿಡಬೇಕು. ಹಳೆ ಚಿಪ್ಪು ಕಳಚಿ ಹೊಸದು ಗಟ್ಟಿಯಾಗುವವರೆಗೆ ಮೈ ಬೆಣ್ಣೆಯಷ್ಟು ಮೆತ್ತಗೆ. ಆಗ ಅಡಗಲು ಜಾಗವಿಲ್ಲದಿದ್ದರೆ ಜೊತೆಯವೇ ಹಿಡಿದು ತಿನ್ನುತ್ತವೆ. ಒಂದು ಬೆಳಿಗ್ಗೆ ತಳದಲ್ಲಿ ಸತ್ತ ರೆಡ್‌ಕ್ಲಾ ಕಂಡು ನಾನು ತೆಗೆಯಹೊರಟೆ. "ಬೇಡ ಅಜ್ಜಾ, ಅದು ಅಂಗಿ ಮಾತ್ರ!" ಎಂದ ಮೊಮ್ಮಗ. ಕಣ್ಣು, ಮೀಸೆ, ಕಾಲು ಎಲ್ಲ ಇರುವ ಖಾಲಿ ಚಿಪ್ಪು! ಅದನ್ನು ಅಲ್ಲೇ ಬಿಡಬೇಕು. ಸುಣ್ಣದಂಶಕ್ಕಾಗಿ ರೆಡ್‌ಕ್ಲಾ ತನ್ನ ಹಳೆ ಅಂಗಿಯನ್ನು ತಾನೇ ತಿನ್ನುತ್ತದೆ. ಪೊರೆ ಬಿಡುವ ಮುನ್ನ ಹೊಟ್ಟೆಯಲ್ಲೂ ಗುಂಡಿಯಂಥ ಎರಡು ಬಿಳಿ ಹರಳಾಗಿ ಸುಣ್ಣ ಕೂಡಿಟ್ಟುಕೊಂಡಿರುತ್ತದಂತೆ.

ಇದೆಲ್ಲ ನೋಡುವಾಗ ನನಗೆ ಅಘನಾಶಿನಿಯ ಗಜನಿ ಭೂಮಿ ನೆನಪಾಯಿತು. ಹೊಳೆ ಸಮುದ್ರ ಸೇರುವಲ್ಲಿ ಮಣ್ಣಿನ ಒಡ್ಡು ಕಟ್ಟಿ, ಮಳೆಗಾಲದಲ್ಲಿ ಉಪ್ಪು ತಾಳುವ ಕಗ್ಗ ಭತ್ತ ಬೆಳೆಯುತ್ತಾರೆ. ತೆನೆ ಮಾತ್ರ ಕೊಯ್ದು, ಹುಲ್ಲು ಅಲ್ಲೇ ಬಿಟ್ಟು, ಆಮೇಲೆ ಭರತದ ನೀರನ್ನು ಒಳಗೆ ಬಿಡುತ್ತಾರೆ. ನೀರಿನೊಡನೆ ಬಂದ ಸಿಗಡಿ, ಮೀನಿನ ಮರಿಗಳು ಆ ಕೊಳೆತ ಹುಲ್ಲಿನ ಆಸರೆಯಲ್ಲಿ ಬೆಳೆಯುತ್ತವೆ. ಅವುಗಳ ಹೊಲಸು ಮುಂದಿನ ಭತ್ತಕ್ಕೆ ಗೊಬ್ಬರ. ಅಳಿಯನಿಗೆ ಇದನ್ನು ಹೇಳಿದಾಗ ಅವನು ಬಹಳ ಹೊತ್ತು ಕೇಳಿಸಿಕೊಂಡ. ಒಂದೇ ವ್ಯತ್ಯಾಸ: ಗಜನಿಯಲ್ಲಿ ನೀರು ಎತ್ತುವುದು ಚಂದ್ರ, ಇಲ್ಲಿ ಪಂಪು. ಚಂದ್ರನಿಗೆ ಕರೆಂಟು ಹೋಗುವ ಭಯವಿಲ್ಲ.

ಆ ಭಯ ಡಿಸೆಂಬರಿನಲ್ಲಿ ನಿಜವಾಯಿತು. ಬ್ರಿಸ್ಬೇನಿನ ಬೇಸಿಗೆಯ ಸಂಜೆಗಳಲ್ಲಿ ಗುಡುಗು ಮಳೆ ಜೋರು. ಅಂದು ಆಲಿಕಲ್ಲೂ ಬಿತ್ತು, ಏಳು ಗಂಟೆಗೆ ಬೀದಿಯೇ ಕತ್ತಲಾಯಿತು. ಅಳಿಯ ರಾತ್ರಿಪಾಳಿಗೆ ಹೋಗಿದ್ದ. ಪಂಪು ನಿಂತು ಹಿತ್ತಿಲು ಮೌನವಾದದ್ದು ನನಗೆ ಗುಡುಗಿಗಿಂತ ಹೆಚ್ಚು ಕೇಳಿಸಿತು. ಬ್ಯಾಟರಿಯಿಂದ ಗಾಳಿಗುಳ್ಳೆ ಬಿಡುವ ಪುಟ್ಟ ಯಂತ್ರ ಇತ್ತು. ಅದು ಎರಡೂವರೆ ತಾಸಿಗೆ ಸುಸ್ತಾಯಿತು. ಬೆಚ್ಚಗಿನ ನೀರಿನಲ್ಲಿ ಆಮ್ಲಜನಕ ಕರಗುವುದೇ ಕಡಿಮೆ. ಟಾರ್ಚು ಬಿಟ್ಟರೆ ಮೀನುಗಳೆಲ್ಲ ಮೇಲೆ ಬಂದು ಬಾಯಿ ತೆರೆದು ಮುಚ್ಚುತ್ತಿವೆ. ಕೆಳಗೆ ರೆಡ್‌ಕ್ಲಾಗಳು ಕೊಳವೆ ಹತ್ತಿ ನೀರಿನಿಂದ ಹೊರಗೆ ತಲೆ ಹಾಕಿ ಕೂತಿವೆ.

ಇನ್ನೇನು ಮಾಡುವುದು? ನಾವೇ ಪಂಪಾದೆವು. ಮಗಳು ಕೆಳಗಿನ ತೊಟ್ಟಿಯಿಂದ ಬಕೆಟಿನಲ್ಲಿ ನೀರು ಮೊಗೆದು ಕೊಡುವುದು, ನಾನು ಸ್ಟೂಲಿನ ಮೇಲೆ ನಿಂತು ಎತ್ತರದಿಂದ ಮೀನಿನ ತೊಟ್ಟಿಗೆ ಸುರಿಯುವುದು. ಎತ್ತರದಿಂದ ಬಿದ್ದಷ್ಟೂ ನೀರಿಗೆ ಗಾಳಿ ಸೇರುತ್ತದೆ. ಸುರಿದಷ್ಟು ನೀರು ಪಾತಿಗೆ ಇಳಿದು ಮತ್ತೆ ಕೆಳಗೆ. ಜಲ್ಲಿಯ ಮೇಲಿನ ಬ್ಯಾಕ್ಟೀರಿಯಾಕ್ಕೂ ಉಸಿರು ಬೇಕಲ್ಲ. ಮೊಮ್ಮಗ ಟಾರ್ಚು ಹಿಡಿದು ಎಣಿಸುತ್ತಿದ್ದ. ಮುನ್ನೂರು ಬಕೆಟಿನವರೆಗೆ ಅವನ ದನಿ ಕೇಳಿದ ನೆನಪು. ಆಮೇಲೆ ಮೆಟ್ಟಿಲ ಮೇಲೆ ಕೂತಲ್ಲೇ ನಿದ್ದೆ ಹೋದ. ಕರೆಂಟು ಬಂದದ್ದು ನಸುಕಿನ ಮೂರಕ್ಕೆ.

ಬೆಳಿಗ್ಗೆ ಎರಡು ಮೀನು ಮಗುಚಿ ತೇಲುತ್ತಿದ್ದವು. ಮೊಮ್ಮಗ ಮಾತಾಡದೆ ಬಲೆಯಲ್ಲಿ ಎತ್ತಿದ. ಬಿಟ್ಟರೆ ಕೊಳೆತು ಅಮೋನಿಯಾ ಏರುತ್ತದೆ. ನಿಂಬೆಗಿಡದ ಬುಡದಲ್ಲಿ ಹುಗಿದು ಬಂದು, ನಳಿಗೆಗೆ ಹನಿ ಹಾಕಿದ. ನಸು ಹಸಿರು. ಎರಡು ದಿನ ಯಾರಿಗೂ ಊಟ ಹಾಕಲಿಲ್ಲ. ತಿಂದಷ್ಟೂ ಅಮೋನಿಯಾ ಹೆಚ್ಚು. ಮೂರನೆಯ ದಿನ ನಳಿಗೆ ಹಳದಿಯಾಯಿತು. ಕ್ಯಾಲೆಂಡರಿನಲ್ಲಿ ಮೂವತ್ತನ್ನು ಹೊಡೆದು ಇಪ್ಪತ್ತೆಂಟು ಎಂದು ಬರೆದ. ಅಳಿಯ ದೊಡ್ಡ ಬ್ಯಾಟರಿ ತಂದ.

ಹಣದ ಲೆಕ್ಕ ಹಾಕಿದರೆ, ನನ್ನನ್ನು ಕೇಳಿದರೆ, ಪೇಟೆಯ ಮೀನೇ ಅಗ್ಗ. ತೊಟ್ಟಿ, ಪಂಪು, ಮರಿ, ಮೀನಿನ ಆಹಾರ, ಕರೆಂಟು ಎಲ್ಲ ಸೇರಿಸಿ ನೋಡಿ. ಮಗಳಿಗೂ ಅದು ಗೊತ್ತು. ಆದರೆ ಪೇಟೆಯಲ್ಲಿ ಬಸಳೆ ಎಲ್ಲಿ ಸಿಗಬೇಕು?

ಜನವರಿ ಕೊನೆಗೆ, ನಾನು ಹೊರಡುವ ಮುನ್ನ, ದೊಡ್ಡ ಎಂಟು ರೆಡ್‌ಕ್ಲಾ ಆರಿಸಿದೆವು. ಹೊಟ್ಟೆಯಡಿ ಮೊಟ್ಟೆ ಹೊತ್ತ ಹೆಣ್ಣು ಒಂದಿತ್ತು. ನೂರಾರು ಮೊಟ್ಟೆ, ಸಾಸಿವೆ ಗೊಂಚಲಿನ ಹಾಗೆ. ಮೊಮ್ಮಗ ಅದನ್ನು ಮೆಲ್ಲಗೆ ನೀರಿಗೆ ಬಿಟ್ಟ. ಉಳಿದವನ್ನು ಮಂಜುಗಡ್ಡೆಯ ನೀರಿನಲ್ಲಿಟ್ಟು ಜೋಮು ಹಿಡಿಸಿ, ಆಮೇಲೆ ಅಡುಗೆ. ನಮ್ಮ ಕಡೆ ಸಿಗಡಿ ಹಾಕಿ ಮಾಡುವಂತೆ ತೆಂಗಿನಕಾಯಿ, ಒಣಮೆಣಸು, ಹುಣಸೆ ಅರೆದು ಮಗಳು ಬಸಳೆ ಸಾರು ಮಾಡಿದಳು. ಪಕ್ಕದ ಮನೆಯ ಅಜ್ಜಿಗೂ ಒಂದು ಡಬ್ಬಿ ಹೋಯಿತು. ಬಳ್ಳಿ ಅವರ ಬೇಲಿಯನ್ನೂ ಹಬ್ಬಿತ್ತಲ್ಲ. ಮೊಮ್ಮಗ ಅನ್ನಕ್ಕೆ ಸಾರು, ಬಸಳೆ ದಂಟು ಹಾಕಿಸಿಕೊಂಡ. ರೆಡ್‌ಕ್ಲಾ ಮುಟ್ಟಲಿಲ್ಲ.

"ನಾಳೆ ತಿಂತೇನೆ," ಎಂದ.