ಆ ತೊರಕೆಯ ಹೊಟ್ಟೆಯಲ್ಲಿ ಮರಿಗಳಿದ್ದವು

ತೊರಕೆ ಮೀನನ್ನು ನಿಮಗೆ ಪರಿಚಯಿಸಬೇಕಾಗಿಲ್ಲ. ಹುಣಸೆಹುಳಿ, ಕರಿಮೆಣಸು ಹಾಕಿ ಅದರ ಸಾರು ಮಾಡದ ಮನೆ ನಮ್ಮ ಕರಾವಳಿಯಲ್ಲಿ ಕಡಿಮೆ. ಚುಚ್ಚುವ ಮುಳ್ಳಿಲ್ಲವೆಂದು ಮಕ್ಕಳೂ ಇಷ್ಟಪಟ್ಟು ತಿನ್ನುತ್ತಾರೆ. ಆದರೆ ಕಳೆದ ಡಿಸೆಂಬರ್ ರಜೆಯಲ್ಲಿ ನಾನು ಕಂಡ ಒಂದು ತೊರಕೆಯ ವಿಷಯವನ್ನು ನಿಮ್ಮೊಡನೆ ಹೇಳಿಕೊಳ್ಳಲೇಬೇಕು. ಅದರಲ್ಲಿ ನನ್ನ ತಪ್ಪೂ ಇದೆ.

ಬಿ.ಎ. ಓದುವಾಗ ನಾವು ಮೂವರು ಗೆಳತಿಯರು ಒಂದೇ ಬೆಂಚಿನವರು. ಒಬ್ಬಳು ಮದುವೆಯಾಗಿ ಬೈಂದೂರಿಗೆ ಹೋದಳು, ಇನ್ನೊಬ್ಬಳು ಬ್ರಹ್ಮಾವರಕ್ಕೆ. ನಾನು ಕುಂದಾಪುರದಲ್ಲೇ ಉಳಿದೆ. ವರ್ಷಕ್ಕೊಮ್ಮೆ ಮಕ್ಕಳನ್ನು ಕರೆದುಕೊಂಡು ಎಲ್ಲಾದರೂ ಸೇರುವುದು ನಮ್ಮ ವಾಡಿಕೆ. ಒಮ್ಮೆ ಮರವಂತೆ, ಒಮ್ಮೆ ಕೋಡಿ ಬೆಂಗ್ರೆ. ಈ ಸಲ ಪಂಚಗಂಗಾವಳಿಯಲ್ಲಿ ದೋಣಿ ವಿಹಾರವೆಂದು ನಿಶ್ಚಯವಾಯಿತು. ಸೌಪರ್ಣಿಕಾ, ವಾರಾಹಿ, ಚಕ್ರಾ ಮೊದಲಾದ ಐದು ನದಿಗಳು ಕೂಡಿ ಗಂಗೊಳ್ಳಿಯ ಬಳಿ ಕಡಲು ಸೇರುವ ಆ ಜಾಗದಲ್ಲಿ ಕುದ್ರುಗಳು, ಕಾಂಡ್ಲಾ ಗಿಡಗಳು, ಬೆಳ್ಳಕ್ಕಿಗಳು. ನಮ್ಮನ್ನು ಕರೆದೊಯ್ದವರು ಅಲ್ಲೇ ಹುಟ್ಟಿ ಬೆಳೆದ, ವಯಸ್ಸಾದ ಮೀನುಗಾರರು. ನೀರಿನ ಬಣ್ಣ ನೋಡಿಯೇ ಆಳ ಹೇಳಬಲ್ಲವರು.

ಬೈಂದೂರಿನ ಗೆಳತಿಯ ಮಗ ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಾನೆ. ಅಲ್ಲಿ ಬಿಲ್ವಿದ್ಯೆ ಕಲಿತಿದ್ದಾನೆ. ಅಂದು ಬಿಲ್ಲನ್ನೂ ತಂದಿದ್ದ. ಅದಕ್ಕೊಂದು ರೀಲು ಕಟ್ಟಿ, ದಾರದ ತುದಿಯನ್ನು ಬಾಣಕ್ಕೆ ಬಿಗಿದಿದ್ದ. ಬಾಣದ ಮೊನೆಯಲ್ಲಿ ಹಿಂದಕ್ಕೆ ಬಾಗಿದ ಕೊಕ್ಕೆಗಳು. ಮೀನಿಗೆ ನಾಟಿದರೆ ಕಳಚುವುದಿಲ್ಲ, ದಾರ ಸುತ್ತಿ ಎಳೆದುಕೊಂಡರಾಯಿತು. ಅಮೆರಿಕದಲ್ಲಿ ಗೈಡ್‌ಗಳ ದೋಣಿಯಲ್ಲಿ ಹೋಗಿ ಹೀಗೆ ತೊರಕೆ ಹೊಡೆಯುವುದು ದೊಡ್ಡ ಮೋಜಂತೆ. ಅವನು ಅದನ್ನು ಮೊಬೈಲಿನಲ್ಲಿ ನೋಡಿದ್ದ.

ಅವನ ತಾಯಿ ಬೇಡವೆಂದಳು. ಆಗ ನಾನೇ ಅವನ ಪಕ್ಷ ವಹಿಸಿದೆ. ಬಿಲ್ವಿದ್ಯೆಯನ್ನು ಪ್ರವಾದಿ(ಸ)ರು ಎಷ್ಟು ಪ್ರೋತ್ಸಾಹಿಸಿದ್ದರೆಂದು ಮದ್ರಸದಲ್ಲಿ ಮಕ್ಕಳಿಗೆ ಪಾಠ ಮಾಡುವವಳಲ್ಲವೇ ನಾನು? ಸಮುದ್ರದ ಬೇಟೆ ಹಲಾಲ್ ಎಂಬುದು ಸೂರಃ ಅಲ್ ಮಾಇದಃದಲ್ಲೇ ಇದೆ ಎಂದೂ ಸೇರಿಸಿದೆ. ಟೀಚರ್ ಹೇಳಿದ ಮೇಲೆ ಇನ್ನೇನು? ಎಲ್ಲರೂ ಸುಮ್ಮನಾದರು.

ನೀರು ಇಳಿದು ಮತ್ತೆ ಏರತೊಡಗಿದ್ದ ಹೊತ್ತು. ಅಳಿವೆಯ ಮರಳದಿಣ್ಣೆಯ ಪಕ್ಕ, ಮೊಣಕಾಲು ಮುಳುಗುವಷ್ಟು ನೀರಿನಲ್ಲಿ ಕಪ್ಪು ನೆರಳೊಂದು ಸರಿಯಿತು. ದೋಣಿಯವರು ಬೆರಳು ತೋರಿಸಿದರು. ಮೀನು ಕಾಣುವುದಕ್ಕಿಂತ ಕೆಳಗೆ ಗುರಿ ಇಡಬೇಕು, ನೀರು ಕಣ್ಣಿಗೆ ಮೋಸ ಮಾಡುತ್ತದೆ ಎಂದು ಹುಡುಗ ವಿವರಿಸುತ್ತಲೇ ಬಾಣ ಬಿಟ್ಟ. ನಾಟಿತು. ಮಕ್ಕಳೆಲ್ಲ ಕೂಗಿದರು. ನಾನೂ ಚಪ್ಪಾಳೆ ತಟ್ಟಿದೆ.

ದೋಣಿಗೆ ಎಳೆದು ಹಾಕಿದಾಗ ಅದು ನಮ್ಮ ಮನೆಯ ದೊಡ್ಡ ಹರಿವಾಣದಷ್ಟು ಅಗಲವಿತ್ತು. ದೋಣಿಯವರು ಮೊದಲು ಬಾಲದ ಮುಳ್ಳನ್ನು ಕತ್ತಿಯಿಂದ ಕಡಿದು ಬಿಸಾಡಿದರು. ಗರಗಸದಂತಹ ಆ ಮುಳ್ಳಿನಲ್ಲಿ ವಿಷವಿರುತ್ತದೆ. ಆಸ್ಟ್ರೇಲಿಯಾದ ಪ್ರಸಿದ್ಧ ವನ್ಯಜೀವಿ ಪ್ರೇಮಿ ಸ್ಟೀವ್ ಇರ್ವಿನ್ 2006ರಲ್ಲಿ ತೀರಿಕೊಂಡದ್ದು ಅಂಥ ಮುಳ್ಳು ಎದೆಗೆ ನಾಟಿಯೇ. ಆದರೆ ತೊರಕೆ ತಾನಾಗಿ ಯಾರ ಮೇಲೂ ಬೀಳುವ ಮೀನಲ್ಲ. ಮರಳಿನಲ್ಲಿ ಹುದುಗಿ ಮಲಗಿರುತ್ತದೆ, ತುಳಿದರೆ ಹೊಡೆಯುತ್ತದೆ. ಅಳಿವೆಯಲ್ಲಿ ಮಕ್ಕಳನ್ನು ನೀರಿಗೆ ಇಳಿಸುವಾಗ ಕಾಲೆತ್ತಿ ಇಡದೆ, ಮರಳಿನಲ್ಲಿ ಎಳೆಯುತ್ತಾ ನಡೆಯಲು ಹೇಳಿ. ಸದ್ದಿಗೆ ಅದು ದೂರ ಸರಿಯುತ್ತದೆ. ಕಾಲಿಗೆ ಮುಳ್ಳು ತಾಗಿದರೆ, ತಾಳಿಕೊಳ್ಳುವಷ್ಟು ಬಿಸಿಯಾದ ನೀರಿನಲ್ಲಿ ಕಾಲಿಟ್ಟರೆ ನೋವು ತಗ್ಗುತ್ತದೆ. ಆಮೇಲೆ ವೈದ್ಯರಲ್ಲಿಗೆ ಹೋಗಲೇಬೇಕು.

ಕಣ್ಣಿನ ಹಿಂದಿನ ಎರಡು ರಂಧ್ರಗಳು ತೆರೆದು ಮುಚ್ಚುತ್ತಿದ್ದವು. ಅದು ಉಸಿರಾಡುವುದು ಅಲ್ಲಿಂದಲೇ. ಫೋಟೋ ತೆಗೆಯಲೆಂದು ಹುಡುಗ ಅದನ್ನು ಎತ್ತಿದ. ಆಗ ಅದರ ಹೊಟ್ಟೆಯಡಿಯಿಂದ ಏನೋ ಜಾರಿ ಹಲಗೆಯ ಮೇಲೆ ಬಿತ್ತು. ಹಿಂದೆಯೇ ಇನ್ನೊಂದು.

"ಹೋಯ್, ಇದ್ರ್ ಹೊಟ್ಟಿಯಗೆ ಮರಿ ಇತ್ತ್ ಮಾರಾಯ್ರೆ" ಎಂದರು ದೋಣಿಯವರು.

ಅಂಗೈಯಗಲದ ಎರಡು ಮರಿಗಳು. ವೀಳ್ಯದೆಲೆಯಂತೆ ಸುತ್ತಿಕೊಂಡಿದ್ದವು. ತೊರಕೆ ನೀರಿನಲ್ಲಿ ಮೊಟ್ಟೆಯಿಡುವ ಮೀನಲ್ಲ, ಮರಿ ಹಾಕುತ್ತದೆ. ಸಿಕ್ಕಿಬಿದ್ದ ಗಾಬರಿ, ನೋವಿನಲ್ಲಿ ದಿನ ತುಂಬುವ ಮೊದಲೇ ಹಾಕಿಬಿಡುವುದುಂಟು. ದೋಣಿಯವರು ಎರಡನ್ನೂ ಬೊಗಸೆಯಲ್ಲಿ ಎತ್ತಿ ನೀರಿಗೆ ಬಿಟ್ಟರು. ಒಂದು ರೆಕ್ಕೆ ಬಿಚ್ಚಿ ಕೆಳಗೆ ಸರಿಯಿತು. ಇನ್ನೊಂದು ಬಿಳಿ ಹೊಟ್ಟೆ ಮೇಲಾಗಿ ತೇಲಿತು. ನಮ್ಮ ದೋಣಿಯಲ್ಲಿ ಮೂವರು ತಾಯಂದಿರಿದ್ದೆವು. ಯಾರೂ ಮಾತಾಡಲಿಲ್ಲ.

ಸ್ವಲ್ಪ ಹೊತ್ತಿನ ಬಳಿಕ ಹುಡುಗ ನನ್ನನ್ನೇ ಕೇಳಿದ: "ಖಾಲಾ, ಹಲಾಲ್ ತಾನೇ?"

"ತಿನ್ನಲು ಹಲಾಲ್" ಎಂದೆ. ಅದಕ್ಕಿಂತ ಹೆಚ್ಚು ಹೇಳಲು ಆಗ ಬಾಯಿ ಬರಲಿಲ್ಲ.

ಮೀನನ್ನು ಬಿಸಾಡುವುದು ಇನ್ನೊಂದು ತಪ್ಪಾದೀತೆಂದು ಬ್ರಹ್ಮಾವರದ ಗೆಳತಿ ಅಂದು ಸಂಜೆ ನಮ್ಮ ಮನೆಯಲ್ಲೇ ಅದರ ಸಾರು ಮಾಡಿದಳು. ನಾನೂ ಉಂಡೆ. ಹುಡುಗ ಬರಿ ಅನ್ನ, ಉಪ್ಪಿನಕಾಯಿ ತಿಂದು ಎದ್ದ.

ಆ ರಾತ್ರಿ ನನಗೆ ನೆನಪಾದದ್ದು ನಾನೇ ಎಷ್ಟೋ ಸಲ ಕಲಿಸಿದ ಎರಡು ಹದೀಸ್‌ಗಳು. ಕೋಳಿಯೊಂದನ್ನು ಕಟ್ಟಿ ಅದಕ್ಕೆ ಬಾಣ ಹೊಡೆಯುತ್ತಿದ್ದ ಹುಡುಗರನ್ನು ಇಬ್ನು ಉಮರ್(ರ) ಕಂಡರು. ಜೀವವಿರುವುದನ್ನು ಗುರಿಹಲಗೆ ಮಾಡಿಕೊಂಡವನನ್ನು ಪ್ರವಾದಿ(ಸ)ರು ಶಪಿಸಿದ್ದಾರೆಂದು ಅವರಿಗೆ ತಿಳಿಸಿದರು. ಇನ್ನೊಂದು, ಪ್ರಯಾಣದಲ್ಲಿ ಸಂಗಾತಿಗಳು ಒಂದು ಹಕ್ಕಿಯ ಎರಡು ಮರಿಗಳನ್ನು ಎತ್ತಿಕೊಂಡಾಗ ತಾಯಿ ಹಕ್ಕಿ ರೆಕ್ಕೆ ಬಡಿಯುತ್ತಾ ಬಂದದ್ದು. ಅದರ ಮರಿಗಳನ್ನು ಅದಕ್ಕೆ ಹಿಂತಿರುಗಿಸಿರೆಂದು ಪ್ರವಾದಿ(ಸ)ರು ಆಜ್ಞಾಪಿಸಿದರು. ಬಿಲ್ವಿದ್ಯೆಯ ಹದೀಸನ್ನು ದೋಣಿಯಲ್ಲಿ ಥಟ್ಟನೆ ಹೇಳಿದ ನನಗೆ ಇವೆರಡು ಆಗ ಏಕೆ ಹೊಳೆಯಲಿಲ್ಲ? ನಮಗೆ ಬೇಕಾದ ಪಾಠ ಮಾತ್ರ ನಾಲಿಗೆಯ ತುದಿಗೆ ಬರುತ್ತದೆ, ಅಲ್ಲವೇ?

"ಮೀನುಗಾರರು ದಿನವೂ ರಾಶಿ ರಾಶಿ ಹಿಡಿಯುವುದಿಲ್ಲವೇ?" ಎಂದು ನೀವು ಕೇಳಬಹುದು. ಹಿಡಿಯುತ್ತಾರೆ. ಅದು ಅವರ ಅನ್ನ, ನಮ್ಮ ಊಟ. ಅವರ ಬಲೆಗೂ ಮರಿ ಹೊತ್ತ ತೊರಕೆ ಬೀಳುತ್ತದೆ. ಆದರೂ ಜೂನ್ 1ರಿಂದ ಜುಲೈ 31ರ ತನಕ 61 ದಿನ ನಮ್ಮ ಕರಾವಳಿಯ ಯಾಂತ್ರಿಕ ದೋಣಿಗಳು ದಡದಲ್ಲೇ ಉಳಿಯುತ್ತವೆ. ನಮಗೆ ಅಂದು ಹಸಿವಿರಲಿಲ್ಲ. ಬುತ್ತಿಯ ಬಿರಿಯಾನಿ ಇನ್ನೂ ಬಿಸಿಯಾಗಿತ್ತು.

ಆಮೇಲೆ ಅಮೆರಿಕದ ವಿಷಯವನ್ನೂ ಹುಡುಕಿ ಓದಿದೆ. ಚೆಸಾಪೀಕ್ ಕೊಲ್ಲಿಗೆ ಬೇಸಿಗೆಯಲ್ಲಿ ಒಂದು ಜಾತಿಯ ತೊರಕೆಗಳು ಮರಿ ಹಾಕಲೆಂದೇ ಬರುತ್ತವೆ. ವರ್ಷಕ್ಕೆ ಸಾಮಾನ್ಯವಾಗಿ ಒಂದೇ ಮರಿ. ಅವು ಚಿಪ್ಪುಮೀನುಗಳನ್ನು ತಿಂದು ಮುಗಿಸುತ್ತಿವೆ ಎಂದು 2007ರಲ್ಲಿ ಒಂದು ಸಂಶೋಧನಾ ಲೇಖನ ದೂರಿತು. ತೊರಕೆ ಕೊಂದರೆ ಕೊಲ್ಲಿಗೆ ಉಪಕಾರವೆಂಬ ನಂಬಿಕೆ ಬೆಳೆಯಿತು, ಬಿಲ್ಲಿನಿಂದ ಹೊಡೆಯುವ ಸ್ಪರ್ಧೆಗಳೂ ನಡೆದವು. 2016ರಲ್ಲಿ ಬೇರೆ ವಿಜ್ಞಾನಿಗಳು ಆ ದೂರಿಗೆ ಆಧಾರವಿಲ್ಲವೆಂದು ತೋರಿಸಿದರು. 2017ರಲ್ಲಿ ಮೇರಿಲ್ಯಾಂಡ್ ರಾಜ್ಯವು ಶಾಸನದ ಮೂಲಕ ಆ ಸ್ಪರ್ಧೆಗಳನ್ನು ತಡೆಯಿತು. ಹುಡುಗ ನೋಡಿದ ಮೋಜಿನ ಹಿಂದೆ ಇಷ್ಟು ಕಥೆಯಿತ್ತು.

ಮರುವಾರ ಅವನಿಗೆ ಫೋನ್ ಮಾಡಿ, ಅಂದು ಅರ್ಧ ಪಾಠ ಹೇಳಿದೆ ಮಗನೇ, ಉಳಿದರ್ಧ ಕೇಳು ಎಂದು ಆ ಎರಡು ಹದೀಸ್‌ಗಳನ್ನು ಹೇಳಿದೆ. ಅವನು ಸುಮ್ಮನೆ ಕೇಳಿಸಿಕೊಂಡ. ಕೊನೆಗೆ, "ಆ ಒಂದು ಮರಿ ಬದುಕಿರಬಹುದಾ ಖಾಲಾ?" ಎಂದ.

ಅಲ್ಲಾಹನು ಬಲ್ಲ ಎಂದೆ.

ಬಿಲ್ಲನ್ನು ಅವನು ಬಿಟ್ಟಿಲ್ಲ, ಬಿಡಬೇಕೆಂದು ನಾನೂ ಹೇಳಲಿಲ್ಲ. ಮೈದಾನದ ಗುರಿಹಲಗೆ ಅದಕ್ಕೆ ಸಾಕು. ಸಹೋದರಿಯರೇ, ರಜೆಯಲ್ಲಿ ಮಕ್ಕಳೊಡನೆ ಹೊಳೆಗೋ ಕಡಲಿಗೋ ಹೋದಾಗ ಅವರು ನಮ್ಮ ಮುಖ ನೋಡಿ ಹಲಾಲೇ ಎಂದು ಕೇಳುತ್ತಾರೆ. ಹೌದು ಎಂದು ಅಲ್ಲಿಗೇ ನಿಲ್ಲಿಸಬೇಡಿ. ಏಕೆ ಕೊಲ್ಲುತ್ತೀ ಎಂದೂ ಕೇಳಿ. ನಾನು ಕೇಳಲಿಲ್ಲ.