ಹೆಲ್ಸಿಂಕಿಯ ನೇಪಾಳದಲ್ಲಿ ಮುದ್ದೆ ಹುಡುಕಿದ್ದು

ಹೆಲ್ಸಿಂಕಿಯಲ್ಲಿ ನೇಪಾಳಿ ಹೋಟೆಲುಗಳು ನಮ್ಮ ಬೆಂಗಳೂರಿನ ದರ್ಶಿನಿಗಳಿದ್ದ ಹಾಗೆ. ಕಲ್ಲಿಯೊ ಎಂಬ ಬಡಾವಣೆಯಲ್ಲಿ ಒಂದು ಸುತ್ತು ಹಾಕಿದರೆ ಸಾಕು, ಹಿಮದ ಶಿಖರದ ಚಿತ್ರವೋ ದೇವಸ್ಥಾನದ ಗೋಪುರವೋ ಇರುವ ಬೋರ್ಡುಗಳು ಕಾಣುತ್ತಲೇ ಇರುತ್ತವೆ. ಫಿನ್ಲೆಂಡಿಗೂ ನೇಪಾಳಕ್ಕೂ ಎಲ್ಲಿಂದೆಲ್ಲಿಯ ನಂಟು ಎಂದು ಬಂದ ಹೊಸದರಲ್ಲಿ ನಾನು ಬೆರಗಾಗಿದ್ದೆ. ನನ್ನ ಸಹೋದ್ಯೋಗಿಗಳಿಗೆ ಅದರಲ್ಲಿ ಬೆರಗೇನೂ ಇರಲಿಲ್ಲ. ಶುಕ್ರವಾರ ಮಧ್ಯಾಹ್ನ ಯಾರಾದರೂ 'ಇವತ್ತು ನೇಪಾಳಿ?' ಎಂದು ಕೇಳುತ್ತಾರೆ, ಉಳಿದವರು ಕೋಟು ಹಾಕಿಕೊಳ್ಳುತ್ತಾರೆ, ಅಷ್ಟೆ. ಜೊತೆಗೆ ನನ್ನ ಕಡೆ ತಿರುಗಿ, 'ನಿನಗಂತೂ ಇದು ಮನೆಯೂಟ' ಅನ್ನುತ್ತಾರೆ.

ಮನೆಯೂಟ! ಬಫೆಯ ಸ್ಟೀಲು ಪಾತ್ರೆಗಳ ಮುಚ್ಚಳ ತೆಗೆದರೆ ಕಿತ್ತಳೆ ಬಣ್ಣದ ಒಂದು ಗ್ರೇವಿ, ಇನ್ನೂ ಸ್ವಲ್ಪ ಕಿತ್ತಳೆ ಬಣ್ಣದ ಇನ್ನೊಂದು ಗ್ರೇವಿ, ಹಳದಿಯದೊಂದು. ಕೆನೆ, ಟೊಮೆಟೊ, ಗೋಡಂಬಿ, ಮೇಲೆ ಒಂದು ಹಿಡಿ ಸಕ್ಕರೆ ಹಾಕಿದ್ದಾರೇನೋ ಎನ್ನುವಂಥ ಸಿಹಿ. ಪಕ್ಕದಲ್ಲಿ ನಾನ್, ಮಾವಿನ ಲಸ್ಸಿ. ಮೆನು ತೆರೆದರೆ ಟಿಕ್ಕಾ, ಕೊರ್ಮಾ, ಬಟರ್ ಚಿಕನ್. ನೇಪಾಳಿ ಹೋಟೆಲಿನಲ್ಲಿ ನೇಪಾಳ ಇರುವುದು ಹೊರಗಿನ ಬೋರ್ಡಿನಲ್ಲಿ ಮತ್ತು ಗೋಡೆಯ ಮೇಲಿನ ಎವರೆಸ್ಟ್ ಫೋಟೋದಲ್ಲಿ. ತಟ್ಟೆಗೆ ಬಂದದ್ದು ದೆಹಲಿಯ ಯಾವುದೋ ಧಾಬಾದ ಊಟದ ಮಗ್ಗುಲು ಮುರಿದು, ಖಾರ ಹಿಂಡಿ, ಇಲ್ಲಿನವರ ನಾಲಿಗೆಗೆ ಒಗ್ಗಿಸಿದ ಪದಾರ್ಥ.

ನಾನು ತುಮಕೂರು ಕಡೆಯವಳು. ದೆಹಲಿಯ ಊಟವೂ ನನ್ನದಲ್ಲ, ನೇಪಾಳದ್ದೂ ಅಲ್ಲ. ಹಾಗಿದ್ದಮೇಲೆ ನಿರಾಸೆ ಯಾಕೆ ಆಗಬೇಕಿತ್ತು? ಅದಕ್ಕೆ ಕಾರಣ ನಮ್ಮ ಲ್ಯಾಬಿನಲ್ಲಿರುವ ಪೋಖರಾ ಕಡೆಯ ಗೆಳತಿ. ಇಬ್ಬರೂ ಜೌಗುನೆಲದ ಮಣ್ಣಿನ ಮೇಲೆ ಕೆಲಸ ಮಾಡುವವರು. ಸ್ಯಾಂಪಲ್ಲುಗಳು ಒಣಗುವವರೆಗೆ ಊಟದ ಮಾತಲ್ಲದೆ ಬೇರೇನು ಮಾತಾಡುವುದು? ಒಂದು ದಿನ ಅವಳು ಢಿಂಡೊ ಮಾಡುವ ಬಗೆ ಹೇಳುತ್ತಿದ್ದಳು. ಕಬ್ಬಿಣದ ಬಾಣಲೆಯಲ್ಲಿ ನೀರು ಕುದಿಸಿ, ಹಿಟ್ಟು ಸುರಿದು, ಗಂಟಾಗದಂತೆ ಮರದ ಸೌಟಿನಲ್ಲಿ ರಟ್ಟೆ ಬೀಳುವ ತನಕ ತಿರುವಬೇಕು. ತಿನ್ನುವಾಗ ಹೆಚ್ಚು ಅಗಿಯಬಾರದು, ಸಾರಿನಲ್ಲಿ ಅದ್ದಿ ನುಂಗಬೇಕು. ನಾನು ಅರ್ಧದಲ್ಲೇ ತಡೆದು ಯಾವ ಹಿಟ್ಟು ಎಂದೆ. 'ಕೋದೊ' ಅಂದಳು.

ಇಲ್ಲಿ ಸಣ್ಣದೊಂದು ಗೋಜಲಿದೆ. ಉತ್ತರ ಭಾರತದಲ್ಲಿ ಕೋದೊ ಎಂದರೆ ನಮ್ಮ ಹಾರಕ. ನೇಪಾಳಿಯಲ್ಲಿ ಕೋದೊ ಎಂದರೆ ರಾಗಿ. ಅವಳ ಫೋನಿನಲ್ಲಿದ್ದ ತೆನೆಯ ಚಿತ್ರ ನೋಡಿದ ಮೇಲೆ ಅನುಮಾನವೇ ಉಳಿಯಲಿಲ್ಲ. ಬೆರಳು ಮಡಿಸಿದಂಥ ಅದೇ ತೆನೆ, ನಮ್ಮಜ್ಜಿ ಕಣದಲ್ಲಿ ಬಡಿಯುತ್ತಿದ್ದದ್ದು. ಹಿಮಾಲಯದ ಇಳಿಜಾರಿನಲ್ಲಿ ಕೂತು ಯಾರೋ ಮುದ್ದೆ ನುಂಗುತ್ತಿದ್ದಾರೆ ಎನ್ನುವುದು ನನಗೆ ಎಷ್ಟು ಖುಷಿ ಕೊಟ್ಟಿತೆಂದರೆ ಆ ವಾರವೆಲ್ಲ ಸಿಕ್ಕಸಿಕ್ಕವರಿಗೆ ಹೇಳಿಕೊಂಡು ತಿರುಗಿದೆ. ಅವಳು ಪಟ್ಟಿ ಬೆಳೆಸುತ್ತಾ ಹೋದಳು. ಬೇಳೆಗೆ ಜಿಂಬು ಎಂಬ ಒಣ ಸೊಪ್ಪಿನ ಒಗ್ಗರಣೆ, ಈರುಳ್ಳಿ ಬೆಳ್ಳುಳ್ಳಿಯ ನಡುವಿನ ವಾಸನೆಯದ್ದು. ಉಪ್ಪಿನಕಾಯಿಗೆ ತಿಮುರ್, ನಾಲಿಗೆ ಜುಮ್ಮೆನ್ನಿಸುವ ಕಾಳು. ನಮ್ಮ ಕರಾವಳಿಯ ಕೊಂಕಣಿಗರು ಮೀನಿನ ಸಾರಿಗೆ ಹಾಕುವ ತೆಪ್ಪಳದ ಹತ್ತಿರದ ಸಂಬಂಧಿ. ಸಾಸಿವೆ, ಮೂಲಂಗಿ ಸೊಪ್ಪನ್ನು ಹುಳಿಬರಿಸಿ ಒಣಗಿಸಿದ ಗುಂಡ್ರುಕ್. ಇವುಗಳಲ್ಲಿ ಒಂದನ್ನೂ ನಾನು ಈ ಊರಿನ ನೇಪಾಳಿ ಬಫೆಯಲ್ಲಿ ಕಂಡಿರಲಿಲ್ಲ.

ಹುಡುಕಾಟ ಶುರುವಾಯಿತು. ಒಂದು ಕಡೆ 'ನೇಪಾಳಿ ಥಾಲಿ' ಇದೆಯೆಂದು ಹೋದೆವು. ಅದೇ ಎರಡು ಕಿತ್ತಳೆ ಗ್ರೇವಿ ಸಣ್ಣ ಬಟ್ಟಲುಗಳಲ್ಲಿ ಬಂದವು. ಇನ್ನೊಂದು ಕಡೆಯ ಮೋಮೋ ಫ್ರೀಜರಿನಿಂದ ಸೀದಾ ಎಣ್ಣೆಗೆ ಜಿಗಿದಂತಿತ್ತು. ಕೊನೆಗೊಂದು ಹೋಟೆಲಿನ ಮೆನುವಿನ ಕಟ್ಟಕಡೆಯಲ್ಲಿ 'ಸಾಂಪ್ರದಾಯಿಕ' ಎಂಬ ತಲೆಬರಹದ ಕೆಳಗೆ ಢಿಂಡೊ ಎಂಬ ಪದ ಕಂಡಿತು. 16 ಯೂರೋ. ಬೆಲೆ ನೋಡಿ ಗಂಟಲು ಕಟ್ಟಿದರೂ ಹೇಳಿದೆ. ಬಂದದ್ದು ಹಳದಿ ಬಣ್ಣದ, ಬಟ್ಟಲಿನಲ್ಲಿ ಅಚ್ಚು ಹೊಯ್ದು ಕವುಚಿದ, ಚಮಚ ಊರಿದರೆ ನಡುಗುವ ಪದಾರ್ಥ. ನೆತ್ತಿಯ ಮೇಲೆ ಪುದೀನಾ ಎಲೆ. ಸುತ್ತ ಬಟರ್ ಚಿಕನ್ ಗ್ರೇವಿ. ಮುದ್ದೆಯನ್ನು ಐಸ್‌ಕ್ರೀಮಿನ ಹಾಗೆ ಅಲಂಕರಿಸಿದ್ದನ್ನು ನಮ್ಮಮ್ಮ ನೋಡಿದ್ದರೆ ನಗುತ್ತಿದ್ದಳೋ ಎದ್ದು ಹೋಗುತ್ತಿದ್ದಳೋ ಹೇಳಲಾರೆ.

ಗೆಳತಿ ನನ್ನಷ್ಟು ಸಿಟ್ಟಾಗಲಿಲ್ಲ. ಗುಡ್ಡಗಾಡಿನಲ್ಲಿ ಮೆಕ್ಕೆಜೋಳದ ಢಿಂಡೊ ಕೂಡ ಉಂಟು, ಹಿಟ್ಟಿನ ಬಗ್ಗೆ ತಕರಾರಿಲ್ಲ, ಆದರೆ ಬೆಂದಿಲ್ಲ ಎಂದಳು. ಆಮೇಲೆ ನೇಪಾಳಿಯಲ್ಲೇ ಬಡಿಸುವ ಹುಡುಗನನ್ನು ಕೇಳಿದಳು, ಗುಂಡ್ರುಕ್ ಇಲ್ಲವೇ? ಅವನು ಆಚೀಚೆ ನೋಡಿ ಏನೋ ಹೇಳಿ ನಕ್ಕ. ಅವಳೂ ನಕ್ಕಳು. ಅದರ ಅರ್ಥ ಹೊರಗೆ ಬಂದ ಮೇಲೆ ತಿಳಿಯಿತು. 'ಇದೆ ದಿದಿ, ನಮ್ಮದು. ಮೆನುವಿನಲ್ಲಿಟ್ಟರೆ ಸೊಪ್ಪು ಕೊಳೆತಿದೆ ಅಂತ ವಾಪಸು ಕಳಿಸುತ್ತಾರೆ.' ಮಧ್ಯಾಹ್ನದ ಗಿರಾಕಿಗಳು ಹೋಗಿ ಸಂಜೆಯವರು ಬರುವ ಮೊದಲು ಅಡಿಗೆಯವರೆಲ್ಲ ಕೂತು ಅನ್ನ, ಬೇಳೆ, ಗುಂಡ್ರುಕ್ ಸಾರು ಉಣ್ಣುತ್ತಾರಂತೆ. ಅಂದರೆ ನಾನು ಹುಡುಕುತ್ತಿದ್ದ ಊಟ ನನ್ನಿಂದ ಒಂದು ಬಾಗಿಲಿನಾಚೆ ದಿನವೂ ಬೇಯುತ್ತಿತ್ತು. ಅದಕ್ಕೆ ಬೆಲೆಪಟ್ಟಿ ಇರಲಿಲ್ಲ.

ನಮ್ಮ ಟೇಬಲ್ಲಿನಲ್ಲಿ ಮಂಗಳೂರಿನ ಇನ್ನೊಬ್ಬ ಗೆಳೆಯನಿದ್ದ. ಟ್ರಾಮಿನಲ್ಲಿ ಕೂತವನೇ ಫೋನು ತೆಗೆದು 'ಒಂದು ಸ್ಟಾರ್ ಹೊಡಿ ಮಾರಾಯ್ತಿ, ಇವರಿಗೆ ಬುದ್ಧಿ ಬರಲಿ' ಅಂದ. ಪೋಖರಾ ಗೆಳತಿ ಬೇಡವೆಂದಳು. ಅವಳು ತೀರ ಖಡಾಖಂಡಿತವಾಗಿ ಬೇಡವೆಂದದ್ದು ಅಂದೇ ಮೊದಲು.

2019ರಲ್ಲಿ ಇಲ್ಲಿನ ದೊಡ್ಡ ಪತ್ರಿಕೆ ಹೆಲ್ಸಿಂಗಿನ್ ಸನೊಮಾತ್‌ನಲ್ಲಿ ಪಾವೊ ತೈತ್ತಿನೆನ್ ಎಂಬ ಪತ್ರಕರ್ತ ನೇಪಾಳಿ ಹೋಟೆಲುಗಳ ಕೆಲಸಗಾರರ ಬಗ್ಗೆ ದೀರ್ಘ ವರದಿ ಬರೆದಿದ್ದರು. ಮಿತಿಯಿಲ್ಲದ ದುಡಿಮೆಯ ಗಂಟೆಗಳು, ಕಾಗದದ ಮೇಲಿನ ಸಂಬಳಕ್ಕೂ ಕೈಗೆ ಬರುವುದಕ್ಕೂ ಇರುವ ಅಂತರ, ಕೆಲಸ ಹೋದರೆ ಇಲ್ಲಿರುವ ಪರವಾನಗಿಯೇ ಹೋದೀತೆಂಬ ಭಯ. ಎಲ್ಲ ಹೋಟೆಲುಗಳೂ ಹಾಗೆ ಎಂದಲ್ಲ. ನಾವು ಹೋದ ಕಡೆ ಹಾಗಿತ್ತೆಂದೂ ನಾನು ಹೇಳುತ್ತಿಲ್ಲ. ಆದರೆ ಆ ವರದಿ ಬಂದಂದಿನಿಂದ ಇಲ್ಲಿನ ನೇಪಾಳಿಗಳು ಸ್ಟಾರುಗಳನ್ನು ಬೇರೆ ಥರ ಎಣಿಸುತ್ತಾರೆ. 'ಸ್ಟಾರ್ ಕಾಣುವುದು ಮಾಲೀಕನಿಗೆ, ಬೈಗುಳ ಬೀಳುವುದು ಅಡಿಗೆಯವನಿಗೆ' ಎಂದಳು ಅವಳು. ಮಂಗಳೂರಿನವನು ಬಿಡಲಿಲ್ಲ. ದುಡ್ಡು ಕೊಟ್ಟವರು ಮರುಕದಿಂದ ಬಾಯಿ ಮುಚ್ಚಿಕೊಂಡರೆ ಊಟ ಸುಧಾರಿಸುವುದು ಯಾವಾಗ, ಅದರಿಂದ ಅಡಿಗೆಯವನಿಗೇನು ಲಾಭ ಎಂದ. ಅವನ ಮಾತಿನಲ್ಲೂ ಹುರುಳಿತ್ತು. 16 ಯೂರೋ ಎಂದರೆ ನನಗೆ ಎರಡು ದಿನದ ಖರ್ಚು. ಬೇಯದ ಹಿಟ್ಟನ್ನು ಕರುಣೆಯಿಂದ ನುಂಗುವಷ್ಟು ದೊಡ್ಡ ಮನಸ್ಸು ನನಗಿಲ್ಲ. ಮೂವರೂ ಜಗಳವಾಡುತ್ತಾ ಒಂದು ಸ್ಟಾಪ್ ಮುಂದೆ ಹೋಗಿ ಇಳಿದೆವು. ಆ ಪ್ರಶ್ನೆ ಇನ್ನೂ ಹಾಗೇ ಇದೆ.

ನನಗೆ ಹೆಚ್ಚು ಕಾಡಿದ್ದು ಬೇರೆ. ನೇಪಾಳದ ಬೆಟ್ಟಗಳಲ್ಲಿ ಬಹಳ ಕಾಲ ಅನ್ನ ನೆಂಟರಿಗೆ, ಢಿಂಡೊ ಬಡವರಿಗೆ. ಬಂದವರಿಗೆ ಢಿಂಡೊ ಇಕ್ಕುವುದೆಂದರೆ ನಾಚಿಕೆ. ಈಗ ಕಾಠ್ಮಂಡುವಿನ ಒಳ್ಳೆಯ ಹೋಟೆಲುಗಳಲ್ಲಿ ಢಿಂಡೊ ಊಟಕ್ಕೆ ಒಳ್ಳೆಯ ಬೆಲೆ. ನಮ್ಮಲ್ಲೂ ಬೇರೇನಾಯಿತು? ನಮ್ಮಪ್ಪ ಹಾಸ್ಟೆಲಿನಲ್ಲಿದ್ದಾಗ ಮನೆಯಲ್ಲಿ ಮುದ್ದೆ ತಿನ್ನುತ್ತೇವೆಂದು ಹೇಳಿಕೊಳ್ಳುತ್ತಿರಲಿಲ್ಲವಂತೆ. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷ ಅಂದಮೇಲೆ ಅದೇ ರಾಗಿ ಬೆಂಗಳೂರಿನ ಮಾಲುಗಳಲ್ಲಿ ಕುಕೀ ಆಗಿ ಕೂತಿದೆ. ಹೆಲ್ಸಿಂಕಿಯ ಆ ತಟ್ಟೆಗೆ ಹಳೆಯ ನಾಚಿಕೆಯೂ ತಲುಪಿರಲಿಲ್ಲ, ಹೊಸ ಜಂಬವೂ ತಲುಪಿರಲಿಲ್ಲ. ಒಂದು ಪುದೀನಾ ಎಲೆ ಮಾತ್ರ ತಲುಪಿತ್ತು.

ಹಾಕನಿಯೆಮಿಯ ಏಷ್ಯಾ ಅಂಗಡಿಗಳಲ್ಲಿ ರಾಗಿ ಹಿಟ್ಟು ಸಿಗುತ್ತದೆ. ಗೆಳತಿಯ ಅಮ್ಮ ಕಳಿಸಿದ ಗುಂಡ್ರುಕ್ ಬಂದ ಮೇಲೆ ಒಂದು ಭಾನುವಾರ ನಮ್ಮ ವಸತಿಯ ಅಡಿಗೆಮನೆಯಲ್ಲಿ ಇಬ್ಬರೂ ಒಂದೊಂದು ಪಾತ್ರೆ ಇಟ್ಟೆವು. ಅವಳ ಢಿಂಡೊ ನೋಡಿ ಇದು ಗಟ್ಟಿ ಅಂಬಲಿ ಎಂದೆ. ನನ್ನ ಮುದ್ದೆಯನ್ನು ಬೆರಳಿನಲ್ಲಿ ತಟ್ಟಿ ಇದು ಕಲ್ಲು ಎಂದಳು. ಗುಂಡ್ರುಕ್ ಸಾರಿಗೆ ನಾನು ಸ್ವಲ್ಪ ಕಾಯಿ, ಖಾರ ರುಬ್ಬಿ ಹಾಕುತ್ತೇನೆಂದಾಗ ಪಾತ್ರೆಯನ್ನೇ ತನ್ನ ಕಡೆ ಎಳೆದುಕೊಂಡಳು. ಹುಳಿ ಸೊಪ್ಪಿನ ವಾಸನೆ ಮಂಗಳವಾರದವರೆಗೂ ಕಾರಿಡಾರಿನಲ್ಲಿತ್ತು. ಉಳಿದ ಅರ್ಧ ಪೊಟ್ಟಣ ನನ್ನ ಕಪಾಟಿನಲ್ಲಿದೆ, ಮೂರು ಪದರ ಪ್ಲಾಸ್ಟಿಕ್ಕಿನೊಳಗೆ.